ಆರಮಾರದ ಹೆಣ್ಣುಮಕ್ಕಳು

(ಖಾನಾಪುರದಲ್ಲಿ ಸೈನ್ಯದ ಭರತಿಗೆ ಸಿದ್ಧರಾಗುತ್ತಿರುವ ತರುಣಿಯರ ಹಾಗೂ ಅವರ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಬೆಳಗಾವಿ ಸೈನ್ಯದ ಊರು. ಮರಾಠಾ ಪಲ್ಟನ್ನಿನ ಕೇಂದ್ರ ಅಲ್ಲಿ ನೆಲೆಯೂರಿ ನೂರು ವರ್ಷ ಮೀರಿತು. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿಯೇ ಅಧಿಕಾರಿಗಳನ್ನು ತಯಾರಿಸುವ ಶಾಲೆ ನಡೆಯಿತು. ಸಾಂಬ್ರಾದಲ್ಲಿ ವಾಯುಸೇನೆಯ ಶಾಲೆಯಿದೆ. ನಮ್ಮ ಖಾನಾಪುರ ತಾಲೂಕಿನಲ್ಲಿ ಪಿಂಚಣಿ ತಿನ್ನುವ ಮಾಜಿ ಸಿಪಾಯಿಯಿಲ್ಲದ ದೊಡ್ಡ ಹಳ್ಳಿಯನ್ನು ಹುಡುಕಬೇಕಾದೀತು. ಆದರೆ ಆ ಮನೆಗಳ ಹೆಂಗಸರಿಗೆ ಸೈನ್ಯವೆಂದರೆ ಇಷ್ಟೇ: ತಿಂಗಳಿಗೊಮ್ಮೆ ಬರುವ ಮನಿಯಾರ್ಡರು, ವರ್ಷಕ್ಕೊಮ್ಮೆ ಬರುವ ಗಂಡ, ಒಮ್ಮೊಮ್ಮೆ ಬಾರದೆ ಹೋದ ಗಂಡ.

ಈಗ ಗಾಳಿ ತಿರುಗಿದೆ. 2019ರ ಆಗಸ್ಟಿನಲ್ಲಿ ಸೈನ್ಯದ ಪೊಲೀಸ್ ದಳಕ್ಕೆ ಹೆಣ್ಣುಮಕ್ಕಳ ಭರತಿ ಬೆಳಗಾವಿಯಲ್ಲೇ ನಡೆಯಿತು. 2023ರಲ್ಲಿ ಸಾಂಬ್ರಾದ ಶಾಲೆಯಿಂದ ನೂರೈವತ್ತು ಹುಡುಗಿಯರು ವಾಯುಸೇನೆಯ ಸಮವಸ್ತ್ರ ತೊಟ್ಟು ಹೊರಬಿದ್ದರು. ಅದೇ ವರ್ಷ ಓಡಿಸಾದ ಚಿಲ್ಕಾದಲ್ಲಿ ನೌಕಾದಳದ ಮೊದಲ ನಾವಿಕ ಹೆಣ್ಣುಮಕ್ಕಳು, ಸುಮಾರು 270 ಜನ, ತರಬೇತಿ ಮುಗಿಸಿದರು. ಆದ್ದರಿಂದಲೇ ನೀವು ಬೆಳಕು ಹರಿಯುವ ಮುಂಚೆ ರಸ್ತೆಯ ಮೇಲೆ ಓಡುತ್ತಿದ್ದೀರಿ. ಹಿಂದೆ ಸೈಕಲ್ ಮೇಲೆ ಅಪ್ಪನೋ ಅಣ್ಣನೋ ಕಾವಲು. ಭರತಿ, ಪಗಾರ, ರಜಾ, ಈ ಮೂರು ಮಾತು ಕನ್ನಡದವರಿಗೂ ಮರಾಠಿಯವರಿಗೂ ಒಂದೇ ಆದಕಾರಣ ಈ ಸಭೆಯಲ್ಲಿ ಭಾಷೆಯ ತಂಟೆಯೂ ಇಲ್ಲ.

ತಾಯಂದಿರು ನಮ್ಮನ್ನು ಕೇಳಿದ್ದು ಇದು: "ಮಾಸ್ತರ, ನಮ್ಮ ಹುಡುಗಿ ಹಡಗಿನವರ ನೌಕರಿಗೆ ಹೋದರೆ ಅಲ್ಲಿ ಏನು ಮಾಡುತ್ತಾಳೆ? ಹೆಂಗಸರು ಇಂಥದ್ದನ್ನು ಮೊದಲು ಮಾಡಿದ್ದುಂಟೇ?" ಉಂಟು. ಎಂಬತ್ತು ವರ್ಷದ ಹಿಂದೆ ಮಾಡಿದ್ದಾರೆ, ಅದೂ ಯುದ್ಧದ ನಡುವೆ. ಅವರ ಕಥೆಯನ್ನು ಪಾಠದ ಪುಸ್ತಕದಲ್ಲಿ ನಾವು ಕಲಿಯಲಿಲ್ಲ, ಮಕ್ಕಳಿಗೆ ಕಲಿಸಲೂ ಇಲ್ಲ. ಇಂದು ಅದನ್ನೇ ಹೇಳುತ್ತೇವೆ.

1939ರಲ್ಲಿ ಯುದ್ಧ ಹತ್ತಿತು. ನಮ್ಮ ಜನರನ್ನು ಒಂದು ಮಾತು ಕೇಳದೆ ವೈಸರಾಯರು ಭಾರತವೂ ಯುದ್ಧದಲ್ಲಿದೆಯೆಂದು ಸಾರಿಬಿಟ್ಟರು. 1942ರ ಆಗಸ್ಟಿನಲ್ಲಿ 'ಚಲೇಜಾವ್' ಚಳವಳಿ. ಬೆಳಗಾವಿಯ ಹಿಂಡಲಗಾ ಜೇಲು ಸತ್ಯಾಗ್ರಹಿಗಳಿಂದ ತುಂಬಿತು. ಅದೇ 1942ರಲ್ಲಿ ಸರಕಾರ ಇನ್ನೊಂದು ಬಾಗಿಲು ತೆರೆದಿತ್ತು. ಅದರ ಹೆಸರು ಮಹಿಳಾ ಸಹಾಯಕ ದಳ. ಗಂಡಸರು ರಣರಂಗಕ್ಕೆ ಹೋದಂತೆ ಕಚೇರಿ, ತಂತಿ, ಟೆಲಿಫೋನು, ಉಗ್ರಾಣಗಳಲ್ಲಿ ಕೈ ಸಾಲದೆ ಬಂತು. ಆ ಕೈಗಳನ್ನು ಹೆಂಗಸರಲ್ಲಿ ಹುಡುಕಿದರು. ಯುದ್ಧ ಮುಗಿಯುವ ಹೊತ್ತಿಗೆ ಆ ದಳದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಹೆಂಗಸರಿದ್ದರು. ಯುದ್ಧದ ಆರಂಭಕ್ಕೆ ಎರಡು ಸಾವಿರ ಜನವೂ ಇಲ್ಲದ ನೌಕಾದಳ ಇಪ್ಪತ್ತೈದು ಸಾವಿರ ಮೀರಿ ಬೆಳೆದಿತ್ತು. ಅದಕ್ಕೆಂದೇ 1944ರಲ್ಲಿ ಮಹಿಳಾ ದಳದಲ್ಲಿ ನೌಕಾ ವಿಭಾಗವನ್ನು ಬೇರೆಯಾಗಿ ಕಟ್ಟಿದರು. ರಾಯಲ್ ಇಂಡಿಯನ್ ನೌಕಾದಳದ ಮಹಿಳಾ ಸೇವೆ ಎಂಬುದು ಅದರ ಉದ್ದ ಹೆಸರು. ಬಂದರಿನಲ್ಲಿ ಎಲ್ಲರೂ 'ರಿನ್ಸ್' ಎಂದು ಕರೆದರು.

ಯಾರು ಹೋದರು? ಆಂಗ್ಲೋ-ಇಂಡಿಯನ್ ಹುಡುಗಿಯರು, ಕ್ರೈಸ್ತ ಹುಡುಗಿಯರು ಬಹಳ. ಇಂಗ್ಲಿಷು ಕಲಿತ ಹಿಂದೂ, ಮುಸಲ್ಮಾನ, ಪಾರಸಿ ಮನೆಗಳವರೂ ಇದ್ದರು. ಬಡ ರೈತನ ಮಗಳಿಗೆ ಆ ಬಾಗಿಲು ತೆರೆದಿರಲಿಲ್ಲ, ಏಕೆಂದರೆ ಕೆಲಸವೆಲ್ಲ ಇಂಗ್ಲಿಷಿನದು. ಸಾಮ್ರಾಜ್ಯಶಾಹಿಯ ಯುದ್ಧಕ್ಕೆ ದುಡಿದರೆಂದು ಅವರನ್ನು ಹಳಿಯುವವರು ಅಂದೂ ಇದ್ದರು, ಇಂದೂ ಇದ್ದಾರೆ. ನಾವು ಆ ಮಾತು ಆಡುವುದಿಲ್ಲ. ಕಾಳು, ಅರಿವೆ, ಸೀಮೆಎಣ್ಣೆ ಎಲ್ಲದರ ಬೆಲೆ ಏರಿದ ಕಾಲ ಅದು. ಮನೆಯಲ್ಲಿ ದುಡಿಯುವ ಕೈ ಒಂದೇ ಇದ್ದಾಗ ಎರಡನೆಯದು ಹುಟ್ಟುವುದು ಹೀಗೆಯೇ. ಅದೇ ಹೊತ್ತಿಗೆ ಸಿಂಗಾಪುರದಲ್ಲಿ 1943ರಲ್ಲಿ ನೇತಾಜಿಯವರು ಝಾಂಸಿ ರಾಣಿ ಪಡೆಯನ್ನು ಕಟ್ಟಿದರು, ಡಾಕ್ಟರ್ ಲಕ್ಷ್ಮಿಯವರು ಅದನ್ನು ನಡೆಸಿದರು. ಮಲಯದ ರಬ್ಬರು ತೋಟದ ತಮಿಳು ಕೂಲಿ ಹೆಣ್ಣುಮಕ್ಕಳು ಬಂದೂಕು ಹಿಡಿದರು. ಒಂದೇ ದೇಶದ ಹೆಣ್ಣುಮಕ್ಕಳು, ಎದುರು-ಬದುರು ಎರಡು ಧ್ವಜದ ಕೆಳಗೆ. ಯಾವ ಧ್ವಜ ನಮ್ಮದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಇಂದಿನ ಮಾತು ಧ್ವಜದ ಮೇಲಿನದಲ್ಲ, ದುಡಿತದ ಮೇಲಿನದು.

ಸರಿ, ರಿನ್ಸ್ ಹುಡುಗಿಯರ ದಿನ ಹೇಗೆ ಸಾಗುತ್ತಿತ್ತು? ಮೊದಲೇ ಒಂದು ಭ್ರಮೆ ತೆಗೆದುಬಿಡೋಣ. ಅವರು ಹಡಗು ಹತ್ತಿ ತೋಪು ಹಾರಿಸಿದವರಲ್ಲ. ಮುಂಬಯಿ, ಕರಾಚಿಯಂಥ ಬಂದರುಗಳ ದಂಡೆಯ ಮೇಲಿನ ನೌಕಾ ಕಚೇರಿಗಳಲ್ಲಿ, ಶಾಲೆಗಳಲ್ಲಿ ಅವರ ಕೆಲಸ. ಟೈಪು ಮಾಡುವವರು, ಟೆಲಿಫೋನು ಜೋಡಿಸುವವರು, ಸಂಬಳದ ಲೆಕ್ಕ ಬರೆಯುವವರು, ತಂತಿ ಸುದ್ದಿ ಹಿಡಿಯುವವರು. ತೋಪು ಹಾರಿಸುವ ವಿದ್ಯೆ ಕಲಿಸುವ ಶಾಲೆಯಲ್ಲಿ ಗಂಡಸರಿಗೆ ಗುರಿಯ ಅಭ್ಯಾಸ ಮಾಡಿಸುವ ಯಂತ್ರ ನಡೆಸಿದವರೂ ಉಂಟು. ಎಲ್ಲಕ್ಕಿಂತ ಹೊಣೆಯ ಕೆಲಸ ಗುಪ್ತಲಿಪಿಯದು.

ಈ ಗುಪ್ತಲಿಪಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಮಾಸ್ತರಿಕೆಯ ಚಟ ಇನ್ನೂ ಹೋಗಿಲ್ಲ. ಸಮುದ್ರದ ಮೇಲಿನ ಹಡಗಿಗೆ ಸುದ್ದಿ ಹೋಗುವುದು ಗಾಳಿಯಲ್ಲಿ. ಗಾಳಿಗೆ ಬಿಟ್ಟ ಮಾತನ್ನು ಶತ್ರುವೂ ಕೇಳುತ್ತಾನೆ. ಆದಕಾರಣ ಮಾತನ್ನು ಅಂಕಿಯಾಗಿ ಮಾಡಬೇಕು. ಒಂದು ದಪ್ಪ ಪುಸ್ತಕವಿರುತ್ತದೆ. ಅದರಲ್ಲಿ 'ಹಡಗು' ಎಂಬುದಕ್ಕೆ ನಾಲ್ಕಂಕಿಯ ಒಂದು ಸಂಖ್ಯೆ, 'ಉತ್ತರ' ಎಂಬುದಕ್ಕೆ ಇನ್ನೊಂದು. ಅಷ್ಟಕ್ಕೇ ಬಿಟ್ಟರೆ ಶತ್ರು ಹಿಡಿದುಬಿಟ್ಟಾನು. ಅದಕ್ಕೆ ಇನ್ನೊಂದು ಪುಸ್ತಕದಿಂದ ಬೇರೆ ಅಂಕಿಗಳ ಸಾಲನ್ನು ತಂದು ಕೆಳಗೆ ಬರೆದು ಕೂಡಬೇಕು, ಇಲ್ಲವೆ ಕಳೆಯಬೇಕು. ಅದೂ ನಮ್ಮ ಸಾಲೆಯ ಲೆಕ್ಕದಂತಲ್ಲ. ಎಂಟಕ್ಕೆ ಏಳು ಕೂಡಿದರೆ ಹದಿನೈದು. ಐದು ಬರೆಯಬೇಕು, ಕೈಯಲ್ಲಿ ಒಂದು ಹಿಡಿಯಕೂಡದು! ನಮ್ಮ ಹತ್ತಿರ ಹೀಗೆ ಲೆಕ್ಕ ಮಾಡಿದ ಹುಡುಗನಿಗೆ ಬೆತ್ತ ಬೀಳುತ್ತಿತ್ತು. ಅಲ್ಲಿ ಹೀಗೆ ಮಾಡದಿದ್ದರೆ ಸುದ್ದಿಯೇ ಕೆಡುತ್ತಿತ್ತು. ಸುದ್ದಿ ಬಂದ ಕಡೆ ಇದನ್ನೆಲ್ಲ ತಿರುಗಾಮುರುಗಾ ಮಾಡಿ ಮಾತನ್ನು ಹೊರತೆಗೆಯಬೇಕು. ಗಾಳಿಯ ಗದ್ದಲದಲ್ಲಿ ಎರಡು ಅಂಕಿ ತಪ್ಪಿ ಬಂದಿದ್ದರೆ, ಯಾವುದು ತಪ್ಪಿರಬಹುದೆಂದು ಹುಡುಕುತ್ತ ಕೂಡಬೇಕು. ಆ ಪುಸ್ತಕಗಳ ರಟ್ಟಿಗೆ ಸೀಸದ ತಗಡು ಹಾಕಿರುತ್ತಿದ್ದರು. ಹಡಗು ಶತ್ರುವಿನ ಕೈ ಸೇರುವ ಹೊತ್ತು ಬಂದರೆ ನೀರಿಗೆ ಎಸೆದೊಡನೆ ಮುಳುಗಲೆಂದು.

ಇಂಥ ಕೆಲಸ ಹಗಲು-ರಾತ್ರಿ ನಿಲ್ಲುವಂತಿಲ್ಲ. ಆದಕಾರಣ ಪಾಳಿ. ನೌಕಾದಳದ ಪಾಳಿ ಗಿರಣಿಯ ಪಾಳಿಯಂತಲ್ಲ. ಅಲ್ಲಿಯ ಹಳೆಯ ಪದ್ಧತಿಯಲ್ಲಿ ನಾಲ್ಕು ತಾಸಿಗೊಂದು ಪಾಳಿ: ರಾತ್ರಿ ಎಂಟರಿಂದ ಹನ್ನೆರಡು, ಹನ್ನೆರಡರಿಂದ ನಾಲ್ಕು, ನಾಲ್ಕರಿಂದ ಬೆಳಗಿನ ಎಂಟು, ಹೀಗೆ. ಇಪ್ಪತ್ತನಾಲ್ಕು ತಾಸಿಗೆ ಆರು ಪಾಳಿಯಾದರೆ, ಮೂರು ತಂಡವಿದ್ದಾಗ ಒಂದು ತಂಡಕ್ಕೆ ದಿನಾಲೂ ಅದೇ ನಡುರಾತ್ರಿಯ ಪಾಳಿ ಗಂಟುಬೀಳುತ್ತದೆ. ಅದಕ್ಕಾಗಿ ಸಂಜೆಯ ನಾಲ್ಕರಿಂದ ಎಂಟರ ಪಾಳಿಯನ್ನು ಎರಡೆರಡು ತಾಸಿನ ಎರಡು ತುಂಡು ಮಾಡಿ, ಒಟ್ಟು ಏಳು ಮಾಡಿದರು. ಆಗ ಸರದಿ ದಿನದಿನಕ್ಕೆ ಸರಿಯುತ್ತದೆ, ನಡುರಾತ್ರಿಯ ಕಷ್ಟ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುತ್ತದೆ. ನೋಡಿ, ಹಡಗಿನವರು ಇದನ್ನು ಯಾವ ಸಮಾಜವಾದಿಯ ಪುಸ್ತಕ ಓದಿಯೂ ಮಾಡಲಿಲ್ಲ. ಒಬ್ಬನೇ ದಿನಾಲೂ ನಿದ್ದೆಗೆಟ್ಟರೆ ಹಡಗು ಬಂಡೆಗೆ ಬಡಿಯುತ್ತದೆ, ಅಷ್ಟೇ.

ಸರದಿಯ ರಾತ್ರಿ ದುಡಿತ ಹೆಣ್ಣಿಗೆ ಎಂಥದೆಂಬುದನ್ನು ನಮ್ಮ ಆಸ್ಪತ್ರೆಯ ದಾದಿಯರನ್ನು ಕೇಳಿರಿ. ಹಗಲು ನಿದ್ದೆ ಹತ್ತುವುದಿಲ್ಲ, ಹತ್ತಿದರೆ ಊಟದ ಹೊತ್ತು ಮೀರಿರುತ್ತದೆ. ಮೇಲೆ ಯುದ್ಧದ ನಗರ. ದೀಪಕ್ಕೆ ಮುಸುಕು, ಕಿಡಕಿಗೆ ಕಪ್ಪು ಕಾಗದ. ಮಾಡಿದ ಕೆಲಸ ಎಂಥದೆಂದು ಮನೆಯವರಿಗೂ ಬರೆಯುವಂತಿಲ್ಲ. ಯಾವ ಹಡಗು ಎಲ್ಲಿದೆಯೆಂಬುದನ್ನು ಅಂಕಿಯಿಂದ ಬಿಡಿಸಿ ಓದಿದ ಹುಡುಗಿ ಅದನ್ನು ನುಂಗಿಕೊಂಡು ಪಾಳಿ ಮುಗಿಸಿ ಮಲಗಬೇಕು. ಮುಳುಗಿದ ಸುದ್ದಿಯೂ ಅದೇ ಅಂಕಿಗಳಲ್ಲಿಯೇ ಬರುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಗೋದಿಯಲ್ಲಿ ಮದ್ದುಗುಂಡು, ಹತ್ತಿ ಎರಡನ್ನೂ ಒಟ್ಟಿಗೆ ಹೇರಿದ್ದ 'ಫೋರ್ಟ್ ಸ್ಟೈಕಿನ್' ಹಡಗು ಸಿಡಿದು ನೂರಾರು ಜನ ಸತ್ತರು. ಮದ್ದಿನ ಮಗ್ಗುಲಿಗೆ ಹತ್ತಿ ಹೇರಿದ ಜಾಣತನ ಯಾರದೋ, ಸತ್ತವರು ಹಮಾಲರು, ಬಂಬದವರು, ಗೋದಿಯ ಸುತ್ತಲಿನ ಬಡವರು. ಶತ್ರುವಿನ ಒಂದು ಬಾಂಬೂ ಬೀಳದೆ ಯುದ್ಧ ಹೀಗೆ ದಂಡೆಗೇ ಬಂತು. ದಂಡೆಯ ಮೇಲಿನ ನೌಕರಿ ಸುಖದ್ದೆಂದು ತಿಳಿದವರಿಗೆ ಈ ಸಂಗತಿ ಗೊತ್ತಿರಲಿ.

ಉಡಿಗೆಯ ಮಾತು ಹೇಳಲೇಬೇಕು, ತಾಯಂದಿರು ಅದನ್ನೇ ಕಾಯುತ್ತಿದ್ದೀರಿ. ಭಾರತೀಯ ಹೆಣ್ಣುಮಕ್ಕಳಿಗೆ ಸಮವಸ್ತ್ರದಲ್ಲಿ ಸೀರೆಯೂ ನಡೆಯುತ್ತಿತ್ತು. 1945ರಲ್ಲಿ ಕಲ್ಯಾಣಿ ಸೇನ್ ಎಂಬ ರಿನ್ಸ್ ಅಧಿಕಾರಿಣಿ ಎರಡು ತಿಂಗಳ ಅಭ್ಯಾಸಕ್ಕೆಂದು ಇಂಗ್ಲಂಡಕ್ಕೆ ಹೋದರು. ಹುದ್ದೆ ಸೆಕೆಂಡ್ ಆಫೀಸರ್, ಅಂದರೆ ಗಂಡಸರಲ್ಲಿ ಲೆಫ್ಟನಂಟ್ ಇದ್ದಂತೆ. ಸೇನೆಯ ಭಾರತೀಯ ಮಹಿಳೆಯೊಬ್ಬಳು ಆ ದೇಶಕ್ಕೆ ಹೋದದ್ದು ಅದೇ ಮೊದಲು. ಸ್ಕಾಟ್ಲಂಡಿನ ರೋಸಾಯ್ತ್ ಬಂದರಿನಲ್ಲಿ ತೆಗೆದ ಅವರ ಚಿತ್ರ ಉಳಿದಿದೆ, ಸೀರೆಯುಟ್ಟೇ ನಿಂತಿದ್ದಾರೆ. ಗಂಡಸರ ಜೊತೆ ಹೆಣ್ಣು ಕೆಲಸ ಮಾಡುವುದನ್ನು ಕಂಡರಾಗದ ಭಾವನೆ ಹಿಂದುಸ್ತಾನದಲ್ಲಿ ಇನ್ನೂ ಗಟ್ಟಿಯಾಗಿದೆ, ಆದರೆ ಸೇರಬೇಕೆಂಬ ಹೆಣ್ಣುಮಕ್ಕಳ ಹುರುಪೇ ಅದನ್ನು ಒಡೆಯುತ್ತಿದೆ ಎಂಬ ಅರ್ಥದ ಮಾತನ್ನು ಅವರು ಅಲ್ಲಿ ಆಡಿದರು. ಆ ಹುರುಪು ಸುಳ್ಳಲ್ಲ. ಕಂಡರಾಗದವರೂ ಸುಳ್ಳಲ್ಲ.

ಇದಕ್ಕೆ ಸಾಕ್ಷಿ ನಮ್ಮವರ ಕಥೆಯಲ್ಲಿಯೇ ಇದೆ. 1946ರ ಫೆಬ್ರುವರಿಯ ನಾವಿಕರ ಬಂಡಾಯವನ್ನು ನಾವು ಸಭೆ-ಸಭೆಯಲ್ಲಿ ಹೊಗಳುತ್ತೇವೆ. ಹೊಗಳತಕ್ಕದ್ದೇ. ಮುಂಬಯಿಯ 'ತಲ್ವಾರ್' ಎಂಬ ಸಂಕೇತ ಶಾಲೆಯಲ್ಲಿ ಹರಳು ತುಂಬಿದ ಬೇಳೆ ತಿನ್ನಲಾರೆವೆಂದು ಫೆಬ್ರುವರಿ 18ರಂದು ಊಟ ಬಿಟ್ಟು, ಕೆಲಸ ಬಿಟ್ಟು ಎದ್ದ ಖಲಾಸಿಗಳ ಹಿಂದೆ ನೋಡುನೋಡುತ್ತ ಎಪ್ಪತ್ತಕ್ಕೂ ಮಿಕ್ಕಿ ಹಡಗುಗಳು ಎದ್ದವು. ಮುಂಬಯಿಯ ಗಿರಣಿ ಕಾಮಗಾರರು ಅವರಿಗಾಗಿ ಬೀದಿಯಲ್ಲಿ ಗುಂಡು ತಿಂದರು. ಅರುಣಾ ಅಸಫ್ ಅಲಿಯವರು ನಾವಿಕರ ಪಕ್ಷ ನಿಂತರು. ಇವೆಲ್ಲ ನಿಮಗೆ ಗೊತ್ತು. ಆದರೆ ಅದಕ್ಕೆ ಹತ್ತು ದಿನ ಮೊದಲು, ಫೆಬ್ರುವರಿ 8ರಂದು ನಡೆದದ್ದನ್ನು ಅರ್ಧ ಮಾತ್ರ ಹೇಳುತ್ತೇವೆ. ಕಮಾಂಡರ್ ಕಿಂಗ್ ಎಂಬ ಅಧಿಕಾರಿ ಬ್ಯಾರಕ್ಕಿಗೆ ನುಗ್ಗಿ ನಾವಿಕರನ್ನು ಕೂಲಿಗಳ ಮಕ್ಕಳೇ, ಕಾಡುಜನರ ಮಕ್ಕಳೇ ಎಂದು ಹೀನಾಯವಾಗಿ ಬೈದ. ಕೂಲಿಯ ಮಗನೆಂಬುದನ್ನು ಬೈಗಳ ಮಾಡಿದ ಆ ಸೊಕ್ಕನ್ನು ಯಾರು ಸಹಿಸಬೇಕು? ಸಹಿಸಲಿಲ್ಲ. ಆದರೆ ಅವನು ಏಕೆ ನುಗ್ಗಿದ? ಹೊರಗೆ ರಿನ್ಸ್ ಹುಡುಗಿಯರು ಹಾದುಹೋಗುವಾಗ ಬ್ಯಾರಕ್ಕಿನೊಳಗಿಂದ ಚೇಷ್ಟೆಯ ಕೂಗು ಎದ್ದಿತ್ತು. ಭಾಷಣಗಳಲ್ಲಿ ಈ ಅರ್ಧವನ್ನು ನುಂಗುತ್ತಾರೆ, ವೀರರ ಕಥೆಗೆ ಶೋಭಿಸುವುದಿಲ್ಲವೆಂದು. ನುಂಗಕೂಡದು. ಕಿಂಗನ ಬೈಗಳೂ ಸುಳ್ಳಲ್ಲ, ಆ ಕೂಗೂ ಸುಳ್ಳಲ್ಲ. ರಾತ್ರಿಯೆಲ್ಲ ಅಂಕಿ ಬಿಡಿಸಿ ಪಾಳಿ ಮುಗಿಸಿ ಬರುವ ಹುಡುಗಿಗೆ ದಾರಿಯಲ್ಲಿ ಕಾದದ್ದು ಅದು. ಅವಳ ಮರ್ಯಾದೆಯ ಪ್ರಶ್ನೆ ಅಧಿಕಾರಿಯ ಕೈಯಲ್ಲಿ ನಾವಿಕರನ್ನು ಬೈಯುವ ಕೋಲಾಯಿತೇ ಹೊರತು, ಅವಳಿಗೆ ಏನನ್ನಿಸಿತೆಂದು ಎರಡೂ ಕಡೆಯವರು ಕೇಳಲಿಲ್ಲ. ಇಂದು ಬೆಳಗಿನ ಓಟದ ರಸ್ತೆಯಲ್ಲಿ ಕೂಗು ಹಾಕುವ ಪಡ್ಡೆ ಹುಡುಗರೂ ಈ ಸಭೆಯ ಹಿಂದಿನ ಸಾಲಿನಲ್ಲಿ ಇದ್ದಾರು. ಅವರಿಗೆ ಪ್ರತ್ಯೇಕ ಭಾಷಣ ಬೇಡ.

ಮುಂದೆ ಆ ಹೆಣ್ಣುಮಕ್ಕಳಿಗೆ ಏನಾಯಿತು? ಯುದ್ಧ ಮುಗಿಯಿತು, ದಳವನ್ನೂ ಮುಗಿಸಿದರು. ಸ್ವಾತಂತ್ರ್ಯ ಬರುವ ಹೊತ್ತಿಗೆ ಅವರು ತಂತಮ್ಮ ಮನೆ ಸೇರಿದ್ದರು. ದಳದ ಹೆಸರಿನಲ್ಲಿಯೇ ಅದು ಬರೆದಿತ್ತಲ್ಲ: ಸಹಾಯಕ. ಗದ್ದೆಯಲ್ಲಿ ನಟ್ಟಿ ಹಚ್ಚುವವಳು, ಕಳೆ ತೆಗೆಯುವವಳು ಹೆಣ್ಣು. ರೈತ ಮಾತ್ರ ಗಂಡ, ಅವಳು ಸಹಾಯ. ಹಾಜರಿ ಪುಸ್ತಕ ಇಟ್ಟ ಕಾಲದಲ್ಲಿ ನಾವು ಕಂಡದ್ದೂ ಇದನ್ನೇ. ಸುಗ್ಗಿ ಬಂತೆಂದರೆ ಹುಡುಗಿಯರ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ. ಕೈ ಬೇಕಾದಾಗ ಮೊದಲು ಕರೆ ಬರುವುದು ಅವಳಿಗೆ.

ಆಳುವವರ ದೇಶದಲ್ಲಿಯಾದರೂ ಬೇರೆ ಇತ್ತೇ? ಇಲ್ಲ. ಇಂಗ್ಲಂಡಿನ ನೌಕಾದಳದ ಮಹಿಳಾ ಸೇವೆಯನ್ನು ಮೊದಲನೆಯ ಯುದ್ಧದಲ್ಲಿ 1917ರಲ್ಲಿ ಕಟ್ಟಿದರು, 1919ರಲ್ಲಿ ಬರಖಾಸ್ತು ಮಾಡಿದರು. ಇಪ್ಪತ್ತು ವರ್ಷ ನೆನಪಿಲ್ಲ. 1939ರಲ್ಲಿ ಮತ್ತೆ ಯುದ್ಧ, ಮತ್ತೆ ಕರೆ. 1944ರಲ್ಲಿ ಎಪ್ಪತ್ತು ಸಾವಿರದ ಮೇಲೆ ಹೆಂಗಸರು. ಆದರೆ ಈ ಸಲ ಅವರನ್ನು ಕೈಬಿಡಲಾಗಲಿಲ್ಲ, 1949ರಲ್ಲಿ ಕಾಯಂ ಮಾಡಬೇಕಾಯಿತು. ನಮ್ಮಲ್ಲಿ ಉಲ್ಟಾ ಆಯಿತು. ಸ್ವತಂತ್ರ ಭಾರತದ ಪಾರ್ಲಿಮೆಂಟು 1957ರಲ್ಲಿ ನೌಕಾ ಕಾಯಿದೆ ಮಾಡಿತು. ಅದರ ಒಂಬತ್ತನೆಯ ಕಲಮಿನಲ್ಲಿ, ಸರಕಾರ ವಿಶೇಷವಾಗಿ ಸಾರಿದ ಶಾಖೆಗಳಲ್ಲಿ ಹೊರತು ನೌಕಾದಳಕ್ಕೆ ಹೆಂಗಸರು ಅರ್ಹರಲ್ಲವೆಂದು ಬರೆದರು. ಹದಿಮೂರು ವರ್ಷದ ಹಿಂದೆ ಅದೇ ಗುಪ್ತಲಿಪಿ ಬಿಡಿಸಿದವರನ್ನು! ಬಿಳಿಯರು ಬರೆದ ಕಲಮಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಸರಕಾರ ಆ ಸಾರುವಿಕೆಯನ್ನು ಮಾಡಿದ್ದು 1991ರಲ್ಲಿ. ಮುಂದಿನ ವರ್ಷ ಮೊದಲ ಅಧಿಕಾರಿಣಿಯರು ಬಂದರು, ಅದೂ ಕೆಲವು ವರ್ಷದ ಕರಾರಿನ ಮೇಲೆ. ಕಾಯಂ ಮಾಡಿರೆಂದು ಆನಿ ನಾಗರಾಜ ಮೊದಲಾದ ಅಧಿಕಾರಿಣಿಯರು ಕೋರ್ಟಿಗೆ ಹೋದರು. ಸರಕಾರ ಕೊಟ್ಟ ಕಾರಣಗಳಲ್ಲಿ ಒಂದನ್ನು ಕೇಳಿರಿ: ರಶಿಯಾದಿಂದ ತಂದ ಕೆಲವು ಹಡಗುಗಳಲ್ಲಿ ಹೆಂಗಸರಿಗೆ ಬಚ್ಚಲಿಲ್ಲ! ಹಳ್ಳಿಯ ಶಾಲೆಯಲ್ಲಿ ಹುಡುಗಿಯರಿಗೆ ಪಾಯಖಾನೆಯಿಲ್ಲವೆಂದು ಏಳನೆಯತ್ತೆಗೆ ಶಾಲೆ ಬಿಡಿಸುವವರ ವಾದವೂ ಇದೇ ಜಾತಿಯದು. ಬಚ್ಚಲು ಕಟ್ಟಿಸುವ ಬದಲು ಹುಡುಗಿಯನ್ನು ತೆಗೆಯುವುದು. 2020ರ ಮಾರ್ಚ್ 17ರಂದು ಸುಪ್ರೀಂ ಕೋರ್ಟು ಇಂಥ ಕಾರಣಗಳನ್ನು ತಳ್ಳಿಹಾಕಿತು. ಕಾಯಂ ಹುದ್ದೆಗೆ ಹೆಣ್ಣು-ಗಂಡು ಭೇದವಿಲ್ಲವೆಂದೂ, ಆಗಲೇ ನೌಕರಿ ಬಿಟ್ಟುಹೋಗಬೇಕಾದ ಅಧಿಕಾರಿಣಿಯರಿಗೂ ಪಿಂಚಣಿ ಸಲ್ಲಬೇಕೆಂದೂ ಹೇಳಿತು. 1944ರಿಂದ ಎಣಿಸಿದರೆ ಎಪ್ಪತ್ತಾರು ವರ್ಷ ಬೇಕಾಯಿತು.

ಆ ಮಧ್ಯೆ ಹೆಣ್ಣುಮಕ್ಕಳು ಸುಮ್ಮನೆ ಕೂಡಲಿಲ್ಲ. ನಮ್ಮ ಲೋಂಡಾದ ರೈಲು ಘಟ್ಟವಿಳಿದು ಸೇರುವ ಗೋವೆಯಿಂದಲೇ 2017ರಲ್ಲಿ ನೌಕಾದಳದ ಆರು ಅಧಿಕಾರಿಣಿಯರು 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಹೊರಟು, ಪೃಥ್ವಿಯನ್ನು ಸುತ್ತಿ 2018ರ ಮೇ ತಿಂಗಳಲ್ಲಿ ತಿರುಗಿ ಬಂದರು. ಅದೇ ದೋಣಿಯಲ್ಲಿ 2024-25ರಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಸುತ್ತಿ ಬಂದರು. ಇಬ್ಬರೇ ಇದ್ದಮೇಲೆ ಪಾಳಿ ಹೇಗಿದ್ದೀತು ಲೆಕ್ಕ ಹಾಕಿರಿ. ಒಬ್ಬಳು ಮಲಗಿದಾಗ ಇನ್ನೊಬ್ಬಳು ಎದ್ದಿರಲೇಬೇಕು, ಎಂಟು ತಿಂಗಳು.

ಇನ್ನು ನಿಮ್ಮ ವಿಷಯ. ಅಧಿಕಾರಿಣಿಯರು ಕಾಯಮಾದರು ನಿಜ. ಆದರೆ ನೀವು ಓಡುತ್ತಿರುವುದು ಅಧಿಕಾರಿಯಾಗಲಿಕ್ಕಲ್ಲ, ನಾವಿಕಳಾಗಲಿಕ್ಕೆ. ಆ ಬಾಗಿಲು 2022ರ ಅಗ್ನಿಪಥ ಯೋಜನೆಯಿಂದ ತೆರೆದದ್ದು. ಯೋಜನೆ ಸಾರಿದಾಗಿನ ಕರಾರು ಹೀಗಿದೆ: ನೌಕರಿ ನಾಲ್ಕು ವರ್ಷ. ಪಗಾರ ತಿಂಗಳಿಗೆ 30 ಸಾವಿರದಿಂದ ಆರಂಭ, ಅದರಲ್ಲಿ ಒಂದು ಭಾಗ ಗಂಟಿಗೆ ಕಡಿತ. ನಾಲ್ಕು ವರ್ಷವಾದ ಮೇಲೆ ನೂರಕ್ಕೆ ಹೆಚ್ಚೆಂದರೆ ಇಪ್ಪತ್ತೈದು ಜನರನ್ನು ಇಟ್ಟುಕೊಳ್ಳುವುದು. ಉಳಿದವರಿಗೆ ಸುಮಾರು 11 ಲಕ್ಷ 71 ಸಾವಿರದ ಗಂಟು, ಪಿಂಚಣಿಯಿಲ್ಲ, ಗ್ರಾಚ್ಯುಯಿಟಿಯಿಲ್ಲ. ಇದು ಗಂಡುಹುಡುಗರಿಗೂ ಇದೇ. ಹಿಂದೆ ಹೆಣ್ಣಿಗೆ ಮಾತ್ರ ಇದ್ದ ತಾತ್ಪೂರ್ತಿಕ ನೌಕರಿಯನ್ನು ಈಗ ಎಲ್ಲರಿಗೂ ಹಂಚಿದ್ದಾರೆ. ಸಮಾನತೆ ನಾವು ಕೇಳಿದ್ದುಂಟು, ಈ ದಿಕ್ಕಿನಿಂದ ಬರಲೆಂದು ಕೇಳಿರಲಿಲ್ಲ.

ಹೋಗಬೇಡಿರಿ ಎನ್ನುತ್ತಿದ್ದೇವೆಯೇ? ಇಲ್ಲ. ಹದಿನೆಂಟು ವರ್ಷದ ಹುಡುಗಿಗೆ ಕೈಗೆ ಪಗಾರ, ತಲೆಗೆ ವಿದ್ಯೆ, ಊರು ಬಿಟ್ಟು ನಿಲ್ಲುವ ಧೈರ್ಯ ಸಿಗುವುದು ಸಣ್ಣದಲ್ಲ. ಅಂದಿನ ಹೆಣ್ಣುಮಕ್ಕಳೂ ಅದಕ್ಕೇ ಹೋದರು. ಆದರೆ ನಾಲ್ಕು ವರ್ಷದ ಮೇಲೆ ಇಪ್ಪತ್ತೆರಡರ ಮಗಳು ತಿರುಗಿ ಬಂದಾಗ ಗಂಟು ಯಾರ ಹೆಸರಿನಲ್ಲಿರುತ್ತದೆ, ಅದು ಅವಳ ಮುಂದಿನ ಓದಿಗೋ ಅಣ್ಣನ ಸಾಲಕ್ಕೋ ಎಂಬುದನ್ನು ಇಂದೇ ಮನೆಯಲ್ಲಿ ಮಾತಾಡಿರಿ, ಅಪ್ಪಂದಿರೇ. ಕಲಿತ ಕೆಲಸಕ್ಕೆ ಹೊರಗೆ ನಡೆಯುವ ಸರ್ಟಿಫಿಕೇಟು ಕೊಡುತ್ತಾರೆಯೇ, ಯಾವ ಶಾಖೆಯಲ್ಲಿ ಕೊಡುತ್ತಾರೆ ಎಂಬುದನ್ನು ಅರ್ಜಿ ತುಂಬುವ ಮೊದಲೇ ನೋಡಿರಿ. ಇತ್ತ ಊರಲ್ಲಿ ಪಂಚಾಯತಿಯಿಂದ ಆಗಬೇಕಾದ ಕೆಲಸವೂ ಇದೆ. ಓಡುವ ದಾರಿಗೆ ನಾಲ್ಕು ದೀಪ, ಮೈದಾನದ ಹತ್ತಿರ ಒಂದು ಪಾಯಖಾನೆ. ಇದಕ್ಕೆ ಅರ್ಜಿ ಬರೆದು ತಂದಿದ್ದೇವೆ, ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು. ಹುಡುಗಿಯರೇ ಮೊದಲು ಸಹಿ ಮಾಡಬೇಕು, ಪಾಲಕರು ಆಮೇಲೆ.

ಭರತಿಯ ಜಾಹೀರಾತನ್ನು ಅಚ್ಚು ಹೊಡೆಸಿಕೊಂಡು ಬಂದವರು ಮುಂದೆ ಬರಲಿ. ಸಣ್ಣ ಅಕ್ಷರದ ಪುಟ ಇಂಗ್ಲಿಷಿನಲ್ಲಿದೆ. ಕಲಮು-ಕಲಮಾಗಿ ಕೂತು ಓದೋಣ, ಹೊತ್ತಾದರೂ ಚಿಂತೆಯಿಲ್ಲ.